ಎಲ್ಲರಿಗಿಂತ ನಾನೇ ಕೀಳು ಎಂದು ನಂಬಬೇಕಾ? ಬೆನೆಡಿಕ್ಟರ ಹನ್ನೆರಡು ಮೆಟ್ಟಿಲುಗಳ ಬಗ್ಗೆ

ಪ್ರಶ್ನೆ: ಸರ್, ಮೈಸೂರು ರಸ್ತೆಯ ಕುಂಬಳಗೋಡಿನ ಹತ್ತಿರ ಇರುವ ಆಶೀರ್ವನಂ ಎಂಬ ಕ್ರೈಸ್ತ ಮಠಕ್ಕೆ ಈಚೆಗೆ ಧ್ಯಾನಕೂಟಕ್ಕೆಂದು ಹೋಗಿದ್ದೆ. ತುಂಬಾ ಹಿಡಿಸಿತು. ಮನೆಗೆ ಬಂದು ಮಠದ ಬದುಕಿಗಾಗಿ ಸಂತ ಬೆನೆಡಿಕ್ಟರು ಬರೆದ ನಿಯಮ ಓದಲು ಶುರು ಮಾಡಿದೆ. ದೀನತೆಯ ಹನ್ನೆರಡು ಮೆಟ್ಟಿಲುಗಳನ್ನು ಹೇಳುವ 7ನೇ ಅಧ್ಯಾಯಕ್ಕೆ ಬಂದು ನಿಂತುಬಿಟ್ಟೆ. ಅನ್ಯಾಯವಾದರೂ ಸುಮ್ಮನೆ ಸಹಿಸಬೇಕು, ಎಲ್ಲರಿಗಿಂತ ತಾನೇ ಕೀಳು ಎಂದು ಮನಸಾರೆ ನಂಬಬೇಕು, ಬೇಗ ನಗಬಾರದು ಎಂದೆಲ್ಲಾ ಓದಿ ಗಾಬರಿಯಾಯಿತು. ನಾನು ಕಂಪನಿಯೊಂದರಲ್ಲಿ ಟೀಮ್ ನಡೆಸುವವಳು. ಮೊದಲಿಂದಲೂ ನಾಲ್ಕು ಜನರ ಮುಂದೆ ಬಾಯಿ ಬಿಡಲು ಹಿಂಜರಿಯುವ ಸ್ವಭಾವ. ಕಷ್ಟಪಟ್ಟು ಅದರಿಂದ ಹೊರಗೆ ಬಂದಿದ್ದೇನೆ. ಈಗ ಮತ್ತೆ ಅಲ್ಲಿಗೇ ಹೋಗಬೇಕಾ? ಸಂಸಾರದಲ್ಲಿರುವವರು ಇದನ್ನು ಅಭ್ಯಾಸ ಮಾಡುವುದು ಹೇಗೆ?

ಉತ್ತರ: ನೀವು ನಿಂತ ಜಾಗದಲ್ಲೇ ಬಹಳ ಜನ ನಿಲ್ಲುತ್ತಾರೆ. ಕೆಲವರು ಪುಸ್ತಕ ಮುಚ್ಚಿ ಇಟ್ಟುಬಿಡುತ್ತಾರೆ. ಇನ್ನು ಕೆಲವರು ತಾನೇ ಕೀಳು ಎನ್ನುವ ಆ ಏಳನೇ ಮೆಟ್ಟಿಲನ್ನೇ ಗಟ್ಟಿಯಾಗಿ ಹಿಡಿದುಕೊಂಡು, ದಿನಾ ತಮ್ಮನ್ನು ತಾವು ಬೈದುಕೊಳ್ಳುವುದೇ ಸಾಧನೆ ಅಂದುಕೊಳ್ಳುತ್ತಾರೆ. ಮೊದಲನೆಯವರ ಬಗ್ಗೆ ನನಗೆ ಚಿಂತೆಯಿಲ್ಲ. ಎರಡನೆಯವರ ಬಗ್ಗೆ ಇದೆ.

ನೇರವಾಗಿ ಹೇಳಿಬಿಡುತ್ತೇನೆ. ನೀವು ಎಲ್ಲಿಗೂ ವಾಪಸ್ ಹೋಗಬೇಕಾಗಿಲ್ಲ. ಬೆನೆಡಿಕ್ಟರು ದೀನತೆಯನ್ನು ದಿನದ ಕೆಲಸದೊಳಗೆ ಇಟ್ಟವರು. ಈ ವಾರ ಅಡುಗೆಮನೆ ಯಾರದು, ಸಾಲಿನಲ್ಲಿ ಮುಂದೆ ನಿಲ್ಲುವವರು ಯಾರು, ಕೈತಪ್ಪಿ ಪಾತ್ರೆ ಒಡೆದರೆ ಏನು ಮಾಡಬೇಕು ಎಂಬಂಥ ಸಣ್ಣ ಸಂಗತಿಗಳಲ್ಲಿ ಅದು ಇದೆ. ನಿಮ್ಮ ಬಗ್ಗೆ ನೀವು ಎಷ್ಟು ಕೆಟ್ಟ ಅಭಿಪ್ರಾಯ ಇಟ್ಟುಕೊಂಡಿದ್ದೀರಿ ಅನ್ನುವುದು ಅವರ ಅಳತೆಗೋಲಲ್ಲ. ನಿಯಮದಲ್ಲಿ ಒಟ್ಟು 73 ಅಧ್ಯಾಯಗಳಿವೆ. 7ನೆಯದನ್ನು ಮಾತ್ರ ಕಿತ್ತು ಓದಿದರೆ ಕಹಿಯಾಗುವುದು ಸಹಜ.

ಮೊದಲು ಆ ಹನ್ನೆರಡು ಮೆಟ್ಟಿಲಿನ ಏಣಿಯ ಕಥೆ. ಬೆನೆಡಿಕ್ಟರು ಸುಮಾರು 480ರಲ್ಲಿ ಮಧ್ಯ ಇಟಲಿಯ ನೂರ್ಸಿಯಾದಲ್ಲಿ ಹುಟ್ಟಿದವರು. ಓದಲು ರೋಮಿಗೆ ಹೋದರು, ಅಲ್ಲಿನ ನಡತೆ ನೋಡಿ ಓದು ಬಿಟ್ಟರು. ಸುಬಿಯಾಕೋದ ಗುಹೆಯೊಂದರಲ್ಲಿ ಮೂರು ವರ್ಷ ಒಬ್ಬರೇ ಇದ್ದರು. ಸುಮಾರು 529ರಲ್ಲಿ ಮೊಂತೆ ಕಸ್ಸಿನೊ ಬೆಟ್ಟದ ಮೇಲೆ ಮಠ ಕಟ್ಟಿದರು. ಆದರೆ ದೀನತೆಯ ಏಣಿ ಅವರು ಸ್ವಂತವಾಗಿ ಮಾಡಿದ್ದಲ್ಲ. ಅವರಿಗಿಂತ ಸುಮಾರು ಒಂದು ಶತಮಾನ ಮೊದಲು ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ, ಈಜಿಪ್ಟಿನ ಮರುಭೂಮಿಯ ಹಿರಿಯರಿಂದ ಕಲಿತದ್ದನ್ನು ಬರೆಯುತ್ತಾ ದೀನತೆಗೆ ಹತ್ತು ಗುರುತುಗಳನ್ನು ಹೇಳಿದ್ದರು. ಆಮೇಲೆ ಯಾರೋ ಒಬ್ಬರು, ಅವರ ಹೆಸರು ಯಾರಿಗೂ ಗೊತ್ತಿಲ್ಲ, 'ಗುರುವಿನ ನಿಯಮ' ಎಂದು ಕರೆಸಿಕೊಳ್ಳುವ ದಪ್ಪ ಗ್ರಂಥದಲ್ಲಿ ಆ ಗುರುತುಗಳನ್ನು ಬೆಳೆಸಿ ಹನ್ನೆರಡು ಮೆಟ್ಟಿಲಿನ ಏಣಿ ಮಾಡಿದರು. ಬೈಬಲಿನ ಆದಿಕಾಂಡದಲ್ಲಿ ಯಕೋಬ ಕನಸಿನಲ್ಲಿ ಕಂಡನಲ್ಲ, ಆ ಏಣಿ. ಬೆನೆಡಿಕ್ಟರು ಅದನ್ನು ಸ್ವಲ್ಪ ಮೊಟಕು ಮಾಡಿ ಎತ್ತಿಕೊಂಡರು.

ಅವರು ಎತ್ತಿಕೊಂಡದ್ದಕ್ಕಿಂತ ಬಿಟ್ಟದ್ದೇ ನನಗೆ ಮುಖ್ಯ ಅನ್ನಿಸುತ್ತದೆ. ಗುರುವಿನ ನಿಯಮದ ಪ್ರಕಾರ ಮಠದಲ್ಲಿ ಯಾರಿಗೂ ಎರಡನೇ ಸ್ಥಾನ ಅಂತ ಇಲ್ಲ. ಮುಂದಿನ ಆಬಟ್, ಅಂದರೆ ಮಠದ ಗುರು, ಯಾರಾಗುತ್ತಾರೆ ಎಂದು ಯಾರಿಗೂ ಗೊತ್ತಿರಬಾರದು. ಆ ಪದವಿಯ ಆಸೆಯಲ್ಲಿ ಎಲ್ಲರೂ ಸದ್ಗುಣದಲ್ಲಿ, ವಿನಯದಲ್ಲಿ ಪೈಪೋಟಿ ನಡೆಸಲಿ ಎಂಬ ಲೆಕ್ಕಾಚಾರ. ವಿನಯದಲ್ಲಿ ಪೈಪೋಟಿ! ಅಂಥ ಮಠದಲ್ಲಿ ಊಟದ ಹೊತ್ತು ಹೇಗಿದ್ದೀತು ಎಂದು ಸುಮ್ನೆ ಊಹಿಸಿಕೊಳ್ಳಿ.

ಬೆನೆಡಿಕ್ಟರು ಇದನ್ನು ಪೂರ್ತಿ ಕೈಬಿಟ್ಟರು. ಅದರ ಜಾಗದಲ್ಲಿ ಅವರು ಇಟ್ಟದ್ದು 63ನೇ ಅಧ್ಯಾಯ. ಮಠಕ್ಕೆ ಯಾರು ಯಾವಾಗ ಬಂದರೋ ಅದೇ ಅವರ ಸ್ಥಾನ. ಹಗಲಿನ ಒಂದನೇ ತಾಸಿನಲ್ಲಿ ಬಂದವನು ಎರಡನೇ ತಾಸಿನಲ್ಲಿ ಬಂದವನಿಗಿಂತ ಹಿರಿಯ. ವಯಸ್ಸು ಎಷ್ಟೇ ಇರಲಿ, ಹೊರಗೆ ಎಂಥ ಹುದ್ದೆಯೇ ಇರಲಿ. ಆಬಟ್ ಕಾರಣವಿದ್ದರೆ ಒಬ್ಬೊಬ್ಬರನ್ನು ಮೇಲೆ ಕೆಳಗೆ ಮಾಡಬಹುದು, ಆದರೆ ಹುಟ್ಟು ನೋಡಿ ಮಾಡುವಂತಿಲ್ಲ. ಅದು 6ನೇ ಶತಮಾನದ ಇಟಲಿ ಅನ್ನುವುದನ್ನು ಮರೆಯಬೇಡಿ. ಗುಲಾಮಗಿರಿ ಇದ್ದ ಕಾಲ. ರೋಮನ್ನರು, ಅವರನ್ನು ಆಳುತ್ತಿದ್ದ ಗೋಥರು ಎಲ್ಲರೂ ಒಂದೇ ಮಠದ ಬಾಗಿಲು ತಟ್ಟುತ್ತಿದ್ದರು. ಗುಲಾಮನಾಗಿದ್ದವನ ಮುಂದೆ ಸ್ವತಂತ್ರನಾಗಿ ಹುಟ್ಟಿದವನನ್ನು ಹುಟ್ಟಿನ ಕಾರಣಕ್ಕೆ ನಿಲ್ಲಿಸಬಾರದು ಎಂದು 2ನೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ನಿನ್ನೆ ಬಂದ ಗುಲಾಮನ ಹಿಂದೆ ಇವತ್ತು ಬಂದ ಶ್ರೀಮಂತರ ಮಗ ದಿನಾ ಸಾಲಿನಲ್ಲಿ ನಿಲ್ಲಬೇಕು. ಮನಸ್ಸಿನಲ್ಲಿ ಏನಾದರೂ ಇರಲಿ, ಕಾಲು ಅಲ್ಲೇ ನಿಲ್ಲಬೇಕು. ಸಾಧನೆ ಶುರುವಾಗುವುದು ಹೀಗೆ.

ಮನಸ್ಸು ಒಪ್ಪದಿದ್ದಾಗ ಏನಾಗುತ್ತಿತ್ತು ಎಂಬುದಕ್ಕೂ ಒಂದು ಪ್ರಸಂಗ ಇದೆ. ಪೋಪ್ ಗ್ರೆಗೊರಿ 6ನೇ ಶತಮಾನದ ಕೊನೆಯಲ್ಲಿ ಬರೆದ ಬೆನೆಡಿಕ್ಟರ ಜೀವನಕಥೆಯಲ್ಲಿ ಅದು ಬರುತ್ತದೆ. ಸಂಜೆ, ಬೆನೆಡಿಕ್ಟರು ಊಟಕ್ಕೆ ಕೂತಿದ್ದಾರೆ. ಒಬ್ಬ ಯುವ ಸನ್ಯಾಸಿ ಮೇಜಿನ ಮುಂದೆ ದೀಪ ಹಿಡಿದು ನಿಂತಿದ್ದಾನೆ. ದೊಡ್ಡ ಅಧಿಕಾರಿಯ ಮಗ. ಬಾಯಲ್ಲಿ ಮಾತಿಲ್ಲ. ಒಳಗೊಳಗೆ ಮಾತ್ರ, ಈತ ಯಾರು, ಈತ ಉಣ್ಣುವಾಗ ನಾನು ದೀಪ ಹಿಡಿಯಬೇಕಾ, ನನ್ನಂಥವನು ಈತನ ಸೇವೆ ಮಾಡಬೇಕಾ ಎಂದು ಕುದಿಯುತ್ತಿದ್ದಾನೆ. ಬೆನೆಡಿಕ್ಟರಿಗೆ ಅದು ಗೊತ್ತಾಗುತ್ತದೆ. ಏನಪ್ಪಾ ಯೋಚಿಸುತ್ತಿದ್ದೀಯ, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊ ಎಂದು ಗದರುತ್ತಾರೆ. ಬೇರೆಯವರನ್ನು ಕರೆದು ಅವನ ಕೈಯಿಂದ ದೀಪ ತೆಗೆಸುತ್ತಾರೆ. ಸೇವೆ ಸಾಕು, ಹೋಗಿ ಸುಮ್ಮನೆ ಕೂತುಕೊ ಅನ್ನುತ್ತಾರೆ. ಶಿಕ್ಷೆ ಅಷ್ಟೇ. ಇನ್ನಷ್ಟು ಹೊತ್ತು ದೀಪ ಹಿಡಿಸಿ ಅವಮಾನ ಮಾಡಬಹುದಿತ್ತು ಅಲ್ವಾ? ಮಾಡಲಿಲ್ಲ. ಬಲವಂತಕ್ಕೆ ಮಾಡುವ ಸೇವೆಯಿಂದ ಯಾರೂ ಉದ್ಧಾರವಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು ಅಂತ ನಾನು ಓದಿಕೊಳ್ಳುತ್ತೇನೆ.

ಈಗ ಅಡುಗೆಮನೆ. ನನ್ನ ಪ್ರಕಾರ ದೀನತೆಯ ನಿಜವಾದ ಅಧ್ಯಾಯ 35ನೆಯದು. ಪ್ರತಿಯೊಬ್ಬರೂ ಸರದಿ ಮೇಲೆ ಒಂದು ವಾರ ಅಡುಗೆಮನೆಯ ಕೆಲಸ ಮಾಡಬೇಕು. ಕಾಯಿಲೆಯವರಿಗೆ, ಬಿಡಲಾಗದ ಕೆಲಸದಲ್ಲಿರುವವರಿಗೆ ಮಾತ್ರ ವಿನಾಯಿತಿ. ಮಠ ದೊಡ್ಡದಾದರೆ ಉಗ್ರಾಣಿಗೂ ಇಲ್ಲ. ಶನಿವಾರ ಸರದಿ ಮುಗಿಸುವವನು ಎಲ್ಲಾ ಸ್ವಚ್ಛ ಮಾಡಬೇಕು. ಉಳಿದವರು ಕೈ ಕಾಲು ಒರೆಸಿಕೊಂಡ ಬಟ್ಟೆಗಳನ್ನು ಒಗೆಯಬೇಕು. ಸರದಿ ಮುಗಿಸುವವನು, ಶುರು ಮಾಡುವವನು ಇಬ್ಬರೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಪಾತ್ರೆಪಡಗವನ್ನು ತೊಳೆದು, ಒಡೆಯದೆ, ಎಣಿಸಿ ಉಗ್ರಾಣಿಗೆ ಒಪ್ಪಿಸಬೇಕು. ಅವನು ಅದನ್ನು ಮುಂದಿನವನಿಗೆ ಕೊಡುತ್ತಾನೆ.

ಇಲ್ಲಿ ಒಂದು ಸಣ್ಣ ವಿವರ ಇದೆ, ಬಹಳ ಜನ ಓದಿ ದಾಟಿಬಿಡುತ್ತಾರೆ. ಬಡಿಸುವವರಿಗೆ ಊಟಕ್ಕೆ ಒಂದು ಗಂಟೆ ಮೊದಲು, ಅವರ ಪಾಲಿನ ಊಟ ಬಿಟ್ಟು, ಸ್ವಲ್ಪ ರೊಟ್ಟಿ ಮತ್ತು ಕುಡಿಯಲು ಕೊಡಬೇಕು. ಯಾಕೆ? ಗೊಣಗದೆ ಬಡಿಸಲಿ ಎಂದು. ಹಸಿದವನಿಗೆ ವಿನಯದ ಪಾಠ ಹೇಳಿ ಪ್ರಯೋಜನವಿಲ್ಲ, ಮೊದಲು ಅವನ ಹೊಟ್ಟೆ ನೋಡು ಎಂಬುದು ಬೆನೆಡಿಕ್ಟರ ಲೆಕ್ಕ. ನಿಯಮದ ಉದ್ದಕ್ಕೂ ಅವರು ಅತಿ ಹೆಚ್ಚು ಹೆದರುವುದು ಗೊಣಗಾಟಕ್ಕೆ. ಆದರೆ ಅದಕ್ಕೆ ಔಷಧಿಯಾಗಿ ಅವರು ಹಲವು ಸಲ ಕೊಡುವುದು ಉಪದೇಶವಲ್ಲ, ಒಂದು ಅನುಕೂಲ. ಟೀಮ್ ನಡೆಸುವವರು ಈ ಸಾಲನ್ನು ಬರೆದಿಟ್ಟುಕೊಳ್ಳಬಹುದು.

ನಿಮಗೆ ಹತ್ತಿರವಾಗುವ ಇನ್ನೊಂದು ಅಧ್ಯಾಯ 57ನೆಯದು, ಕುಶಲಕರ್ಮಿಗಳದು. ಮಠದಲ್ಲಿ ಕೈಕೆಲಸ ಬಲ್ಲವರಿದ್ದರೆ ಆಬಟ್ ಅನುಮತಿ ಪಡೆದು ಆ ಕೆಲಸ ಮಾಡಲಿ, ವಿನಯದಿಂದ ಮಾಡಲಿ. ಆದರೆ ತನ್ನಿಂದಲೇ ಮಠಕ್ಕೆ ವರಮಾನ ಬರುತ್ತಿದೆ ಎಂದು ಒಬ್ಬನಿಗೆ ತಲೆಗೇರಿದರೆ ಅವನನ್ನು ಆ ಕೆಲಸದಿಂದ ಬಿಡಿಸಬೇಕು. ನಷ್ಟವಾದರೂ ಸರಿ. ಅವನು ತಗ್ಗಿದ ಮೇಲೆ, ಆಬಟ್ ಮತ್ತೆ ಹೇಳಿದರೆ ಮಾತ್ರ ವಾಪಸ್. ಯೋಚಿಸಿ ನೋಡಿ: ಕೆಲಸ ಚೆನ್ನಾಗಿ ಮಾಡುವುದು ತಪ್ಪು ಅಂತ ಎಲ್ಲೂ ಹೇಳಿಲ್ಲ. ತನಗೆ ಕೆಲಸ ಬರುವುದಿಲ್ಲ ಎಂದು ಅವನು ನಟಿಸಬೇಕು ಅಂತಲೂ ಹೇಳಿಲ್ಲ. ನಾನಿಲ್ಲದಿದ್ದರೆ ಇದು ನಡೆಯಲ್ಲ ಎಂಬ ಲೆಕ್ಕ ಮಾತ್ರ ಬೇಡ.

ಏನಾದರೂ ಒಡೆದರೆ, ಕಳೆದರೆ, ಕೆಡಿಸಿದರೆ ಬೇರೆಯವರು ಕಂಡುಹಿಡಿಯುವ ಮೊದಲೇ ತಾನೇ ಬಂದು ಹೇಳಬೇಕು ಎಂಬುದು 46ನೇ ಅಧ್ಯಾಯ. ಗ್ರೆಗೊರಿಯ ಪುಸ್ತಕದಲ್ಲಿ ಇದಕ್ಕೂ ಒಂದು ಕಥೆ. ಒಬ್ಬ ಸರಳ ಮನಸ್ಸಿನ ಗೋಥ್ ಮಠಕ್ಕೆ ಸೇರಿದ್ದ. ಕೆರೆಯ ದಡದಲ್ಲಿ ಮುಳ್ಳುಪೊದೆ ಕಡಿಯುತ್ತಿದ್ದಾಗ ಕತ್ತಿಯ ಅಲಗು ಹಿಡಿಯಿಂದ ಕಳಚಿ ಆಳದ ನೀರಿಗೆ ಬಿತ್ತು. ಅವನು ನಡುಗುತ್ತಾ ಓಡಿಹೋಗಿ ತಪ್ಪೊಪ್ಪಿಕೊಂಡ. ಬೆನೆಡಿಕ್ಟರು ಬಂದು ಬರೀ ಹಿಡಿಯನ್ನು ನೀರಿಗೆ ಹಾಕಿದರು, ಅಲಗು ಮೇಲೆ ಬಂದು ಹಿಡಿಗೆ ಸೇರಿತು. ಪವಾಡವನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಗಮನಿಸುವುದು ಆಮೇಲೆ ಅವರು ಹೇಳಿದ ಮಾತನ್ನು. ತಗೋ, ಕೆಲಸ ಮಾಡು, ಬೇಜಾರು ಮಾಡಿಕೊಳ್ಳಬೇಡ ಅಂದರಂತೆ. ತಪ್ಪು ಒಪ್ಪಿಕೊಂಡವನನ್ನು ಅಲ್ಲೇ ಕೂರಿಸಿಕೊಂಡು ಇನ್ನಷ್ಟು ಕುಗ್ಗಿಸುವುದು ಈ ಸಂಪ್ರದಾಯದಲ್ಲಿ ಇಲ್ಲ.

ಈಗ ನಿಮ್ಮನ್ನು ಹೆದರಿಸಿದ ಮೆಟ್ಟಿಲುಗಳಿಗೆ ಬರೋಣ. ನಾಲ್ಕನೆಯದು ಹೇಳುವುದು ಇಷ್ಟು: ವಿಧೇಯತೆ ಕಷ್ಟವಾದಾಗ, ಅನ್ಯಾಯವೇ ಆದಾಗಲೂ, ಓಡಿಹೋಗದೆ ತಾಳ್ಮೆಯಿಂದ ತಡೆದುಕೊ. ಇದು ತಾಳುವವನಿಗೆ ಹೇಳಿದ ಮಾತು. ಅನ್ಯಾಯ ಮಾಡುವವನ ಕೈಗೆ ಕೊಟ್ಟ ಪರವಾನಗಿ ಅಲ್ಲ. ಅವನಿಗೆ ಹೇಳಿದ್ದು ಬೇರೆ ಕಡೆ ಇದೆ. ಮನಸ್ಸಿಗೆ ಬಂದಂತೆ ಅಧಿಕಾರ ನಡೆಸಿ ಅನ್ಯಾಯದ ಏರ್ಪಾಡು ಮಾಡಬೇಡ ಎಂದು 63ನೇ ಅಧ್ಯಾಯ ಆಬಟ್‌ಗೆ ಎಚ್ಚರಿಸುತ್ತದೆ. ಜನ ನಿನಗೆ ಹೆದರುವುದಕ್ಕಿಂತ ನಿನ್ನನ್ನು ಪ್ರೀತಿಸುವಂತೆ ಇರು, ತುಕ್ಕು ಕೆರೆಯುವ ಭರದಲ್ಲಿ ಪಾತ್ರೆಯನ್ನೇ ಒಡೆಯಬೇಡ ಎಂದು 64ನೆಯದು ಹೇಳುತ್ತದೆ. ಆಬಟ್ ಆಯ್ಕೆಯಾಗುವುದೂ ಸನ್ಯಾಸಿಗಳಿಂದಲೇ. ಅವರೆಲ್ಲ ಸೇರಿ ತಮ್ಮ ಕೆಟ್ಟ ಚಾಳಿಗೆ ಒಪ್ಪುವ ಅಯೋಗ್ಯನನ್ನು ಆರಿಸಿದರೆ, ಆ ಭಾಗದ ಬಿಷಪ್, ಅಕ್ಕಪಕ್ಕದ ಆಬಟ್‌ಗಳು, ಸುತ್ತಮುತ್ತಲ ಸಾಮಾನ್ಯ ಕ್ರೈಸ್ತರು ಕೂಡ ಮಧ್ಯೆ ಬಂದು ತಡೆಯಬೇಕು.

ಇಷ್ಟರ ಮೇಲೆ 68ನೇ ಅಧ್ಯಾಯ ಇದೆ, ತುಂಬಾ ಚಿಕ್ಕದು. ಮಾಡಲಾಗದ ಕೆಲಸ ಹೇಳಿದರೆ ಏನು ಮಾಡುವುದು? ಮೊದಲು ಒಪ್ಪಿಕೊ. ನಿಜವಾಗಿಯೂ ಶಕ್ತಿ ಮೀರಿದೆ ಅನ್ನಿಸಿದರೆ ಸಮಯ ನೋಡಿ, ತಾಳ್ಮೆಯಿಂದ, ಜಂಬವಿಲ್ಲದೆ ಹಠವಿಲ್ಲದೆ, ಯಾಕೆ ಆಗುವುದಿಲ್ಲ ಎಂದು ಮೇಲಿನವರಿಗೆ ವಿವರಿಸು. ಅಂದರೆ ಆಗಲ್ಲ ಎಂದು ಹೇಳುವುದಕ್ಕೂ ನಿಯಮದಲ್ಲೇ ಜಾಗ ಇದೆ. ಈ ಅಧ್ಯಾಯ ಗುರುವಿನ ನಿಯಮದಲ್ಲಿ ಇಲ್ಲ, ಬೆನೆಡಿಕ್ಟರೇ ಸೇರಿಸಿದ್ದು.

ಐದನೇ ಮೆಟ್ಟಿಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಮನಸ್ಸಿಗೆ ಬರುವ ಕೆಟ್ಟ ಯೋಚನೆಗಳನ್ನು ಆಬಟ್ ಹತ್ತಿರ ಮುಚ್ಚಿಡಬಾರದು ಎಂದು ಅದು ಹೇಳುತ್ತದೆ. ಕಾಲ ಕಳೆದಂತೆ ಇದರ ಅಪಾಯ ಚರ್ಚಿಗೇ ಗೊತ್ತಾಯಿತು. ಅಧೀನರು ತಮ್ಮ ಅಂತರಂಗ ಬಿಚ್ಚಿಡುವಂತೆ ಮೇಲಧಿಕಾರಿಗಳು ಯಾವ ರೀತಿಯಲ್ಲೂ ಒತ್ತಾಯಿಸಬಾರದು ಎಂದು 1917ರ ಚರ್ಚ್ ಕಾನೂನು ನಿಷೇಧಿಸಿತು. 1983ರ ಕಾನೂನು ಅದನ್ನು ಉಳಿಸಿಕೊಂಡಿದೆ. ತಾನಾಗಿ ಮನಸ್ಸು ಬಿಚ್ಚಿ ಮಾತನಾಡುವುದು ಬೇರೆ, ಬಿಚ್ಚಿಸುವುದು ಬೇರೆ.

ಆದ್ದರಿಂದ ನಾಲ್ಕನೇ ಮೆಟ್ಟಿಲನ್ನು ಆಫೀಸಿಗೆ ಎತ್ತಿಕೊಂಡು ಹೋಗಬೇಡಿ. ಕಂಪನಿಯಲ್ಲಿ ನೀವು ವ್ರತ ತೊಟ್ಟಿಲ್ಲ, ನಿಮ್ಮ ಮೇಲಿನವರನ್ನು ನೀವು ಆರಿಸಿಲ್ಲ, ಅವರು ನಿಮ್ಮ ಆತ್ಮದ ಲೆಕ್ಕ ದೇವರಿಗೆ ಒಪ್ಪಿಸಬೇಕಾಗಿಯೂ ಇಲ್ಲ. ಅಲ್ಲಿ ಅನ್ಯಾಯವಾದರೆ ದೂರು ಕೊಡಿ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ ಈ ಮೆಟ್ಟಿಲು ತೋರಿಸಿ ಸಹಿಸಿಕೋ ಅನ್ನುವವರನ್ನು ನಾನು ಕಂಡಿದ್ದೇನೆ. ಅದು ಬೆನೆಡಿಕ್ಟರ ಹೆಸರಿನಲ್ಲಿ ಮಾಡುವ ಪಾಪ.

ಏಳನೆಯದು, ಎಲ್ಲರಿಗಿಂತ ತಾನು ಕೀಳು ಎಂಬುದು. ಇದು ಇವತ್ತಿಗೂ ನನಗೆ ಪೂರ್ತಿ ಒಗ್ಗಿಲ್ಲ. ಒಂದೆರಡು ವಿಷಯ ಮಾತ್ರ ಹೇಳಬಲ್ಲೆ. ಬೆನೆಡಿಕ್ಟರು ಇಲ್ಲಿ ಬಳಸುವ 'ನಾನು ಹುಳು, ಮನುಷ್ಯನಲ್ಲ' ಎಂಬ ಸಾಲು ಬೈಬಲಿನ 22ನೇ ಕೀರ್ತನೆಯದು. ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ 'ನನ್ನ ದೇವರೇ, ನನ್ನ ದೇವರೇ' ಎಂಬುದು ಅದೇ ಕೀರ್ತನೆಯ ಮೊದಲ ಸಾಲು. ಕೀರ್ತನೆಗಳನ್ನು ದಿನಾ ಹಾಡುವ ಸನ್ಯಾಸಿಗೆ ಇದು ತನ್ನನ್ನು ತಾನು ಬೈದುಕೊಳ್ಳುವ ಮಾತಾಗಿ ಕೇಳಿಸುವುದಿಲ್ಲ. ಶಿಲುಬೆಯಲ್ಲಿರುವವನ ಪಕ್ಕ ನಿಂತು ಆಡುವ ಮಾತು ಅದು. ಆ ಕೀರ್ತನೆ ಮುಗಿಯುವುದೂ ಸ್ತುತಿಯಲ್ಲೇ. ಇನ್ನೊಂದು, ಇದು ಏಳನೇ ಮೆಟ್ಟಿಲು. ಮೊದಲನೆಯದಲ್ಲ. ಮೊದಲನೆಯದು ದೇವರು ನನ್ನನ್ನು ಸದಾ ನೋಡುತ್ತಿದ್ದಾನೆ ಎಂಬ ನೆನಪು. ಆ ನೆನಪಿಲ್ಲದೆ ನೇರವಾಗಿ ಇಲ್ಲಿಗೆ ಹಾರಿದರೆ ಉಳಿಯುವುದು ಬರೀ ಕೀಳರಿಮೆ. ಖಿನ್ನತೆ ಇರುವವರು ಈ ಭಾಗವನ್ನು ಬಿಟ್ಟು ಓದಬೇಕು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ನಾನೇ ಪರಮ ಪಾಪಿ ಎಂದು ಎಲ್ಲರೆದುರು ಹೇಳಿಕೊಳ್ಳುವವರ ಬಗ್ಗೆ ಈ ಸಂಪ್ರದಾಯಕ್ಕೇ ಅನುಮಾನ ಇದೆ. 12ನೇ ಶತಮಾನದಲ್ಲಿ ಕ್ಲೇರ್ವೋದ ಬರ್ನಾರ್ಡ್, ಇವರೂ ಬೆನೆಡಿಕ್ಟರ ನಿಯಮ ಪಾಲಿಸಿದವರೇ, ಅದೇ ಹನ್ನೆರಡು ಮೆಟ್ಟಿಲುಗಳನ್ನು ತಲೆಕೆಳಗು ಮಾಡಿ ಅಹಂಕಾರದ ಮೆಟ್ಟಿಲುಗಳನ್ನು ಬರೆದರು. ಸಿಕ್ಕಿಬಿದ್ದಾಗ ತನ್ನ ತಪ್ಪನ್ನು ಯಾರೂ ನಂಬದಷ್ಟು ದೊಡ್ಡದು ಮಾಡಿ ಹೇಳಿಕೊಳ್ಳುವುದು ಅದರಲ್ಲಿ ಒಂದು ಮೆಟ್ಟಿಲು. ಕೇಳಿದವರು ಛೇ, ಹಾಗೇನಿಲ್ಲ ಬಿಡಿ ಅನ್ನಲಿ ಎಂದು. ಇನ್ನೊಂದು ಮೆಟ್ಟಿಲಿನ ಸನ್ಯಾಸಿ ಊಟಕ್ಕೆ ಕೂತಾಗ ಸುತ್ತ ಕಣ್ಣಾಡಿಸುತ್ತಾನೆ. ತನಗಿಂತ ಕಡಿಮೆ ತಿನ್ನುವವನು ಕಂಡರೆ ಇವನಿಗೆ ಸೋತಷ್ಟು ಸಂಕಟ. ರಾತ್ರಿ ಹಾಸಿಗೆಯಲ್ಲಿ ಎಚ್ಚರವಾಗಿದ್ದು ಜಪ ಮಾಡುತ್ತಾನೆ, ಎಲ್ಲರೂ ಸೇರಿ ಹಾಡುವ ಪ್ರಾರ್ಥನೆಯಲ್ಲಿ ತೂಕಡಿಸುತ್ತಾನೆ. ಬೆನೆಡಿಕ್ಟರ ಎಂಟನೇ ಮೆಟ್ಟಿಲು, ಮಠದ ಸಾಮಾನ್ಯ ನಿಯಮ ಬಿಟ್ಟು ವಿಶೇಷ ಏನೂ ಮಾಡಬೇಡ ಅನ್ನುವುದು ಇವನಿಗಾಗಿಯೇ. ಪುಸ್ತಕದ ಕೊನೆಯಲ್ಲಿ ಬರ್ನಾರ್ಡ್, ನಾನು ಕಲಿತದ್ದನ್ನಷ್ಟೇ ಹೇಳಿಕೊಡಬಲ್ಲೆ, ನನಗೆ ಇಳಿಯುವ ದಾರಿ ಚೆನ್ನಾಗಿ ಗೊತ್ತು ಅನ್ನುವ ಧಾಟಿಯಲ್ಲಿ ನಗುತ್ತಾರೆ.

ನಗು ಅಂದಾಗ ನೆನಪಾಯಿತು. ಹತ್ತನೇ ಮೆಟ್ಟಿಲು ತಡೆಯುವುದು ಮಾತುಮಾತಿಗೆ ಕಿಸಕ್ಕನೆ ನಗುವುದನ್ನು. ಆ ಕಾಲದ ಸನ್ಯಾಸಿಗಳು ನಗುವಿನ ವಿಷಯದಲ್ಲಿ ನಮಗಿಂತ ಬಿಗಿಯಾಗಿದ್ದರು ಅನ್ನುವುದು ನಿಜ, ಅದನ್ನು ಮರೆಮಾಚುವುದು ಬೇಡ. ನೀವು ಮನೆಯಲ್ಲಿ ಧಾರಾಳವಾಗಿ ನಗಿ. ಇನ್ನೊಬ್ಬರನ್ನು ಸಣ್ಣವರನ್ನಾಗಿ ಮಾಡಿ ನಗುವುದನ್ನು ಬಿಟ್ಟರೆ ಸಾಕು.

ಕೊನೆಗೆ ನಿಮ್ಮ ಸ್ವಭಾವದ ವಿಷಯ. ಒಂಬತ್ತನೇ ಮೆಟ್ಟಿಲು ಕೇಳಿದರೆ ಮಾತ್ರ ಮಾತಾಡು ಅನ್ನುತ್ತದೆ. ಆದರೆ ಮುಖ್ಯವಾದ ವಿಷಯ ಬಂದಾಗ ಆಬಟ್ ಎಲ್ಲರನ್ನೂ ಕರೆದು ಕೇಳಬೇಕು ಎನ್ನುತ್ತದೆ 3ನೇ ಅಧ್ಯಾಯ. ಎಷ್ಟೋ ಸಲ ದೇವರು ಒಳ್ಳೆಯದನ್ನು ತೋರಿಸುವುದು ಕಿರಿಯರಿಗೆ ಎಂದು ಕಾರಣವನ್ನೂ ಕೊಡುತ್ತದೆ. ಸನ್ಯಾಸಿಗಳು ಅಭಿಪ್ರಾಯ ಹೇಳಬೇಕು, ಹೇಳಿದ ಮೇಲೆ ಹಠ ಹಿಡಿಯಬಾರದು. ನಿಮಗೆ ಬಾಯಿ ಮುಚ್ಚಿಕೊಂಡಿರುವುದು ಸುಲಭ. ಸುಲಭವಾದದ್ದು ನಿಮ್ಮ ಪಾಲಿಗೆ ಸಾಧನೆ ಆಗುವುದಿಲ್ಲ. ಮೀಟಿಂಗಿನಲ್ಲಿ ಅನ್ನಿಸಿದ್ದನ್ನು ಸ್ಪಷ್ಟವಾಗಿ ಹೇಳಿ, ನಿಮ್ಮ ಮಾತು ನಡೆಯದಿದ್ದರೆ ಆಮೇಲೆ ಕ್ಯಾಂಟೀನಿನಲ್ಲಿ ಅದನ್ನು ಎಳೆದಾಡಬೇಡಿ. ನೀವೇ ಮೀಟಿಂಗ್ ನಡೆಸುವಾಗ ಹೊಸದಾಗಿ ಸೇರಿದವರನ್ನು ಮೊದಲು ಕೇಳಿ, ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. ಯಾರೂ ಇಷ್ಟಪಡದ ಕೆಲಸಕ್ಕೆ ಸರದಿ ಮಾಡಿ, ಆ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರಲಿ. ನಿಮ್ಮಿಂದ ತಪ್ಪಾದರೆ ಮೇಲಿನವರಿಗೆ ಗೊತ್ತಾಗುವ ಮೊದಲೇ ಹೇಳಿ. ಟೀಮಿನವರು ಹಾಗೆ ಬಂದು ಹೇಳಿದರೆ ಆ ಗೋಥನಿಗೆ ಹೇಳಿದಂತೆ ಹೇಳಿ ಕಳಿಸಿ. ಮನೆಯಲ್ಲೂ ಇಷ್ಟೇ. ಅಡುಗೆಮನೆಯ ಸರದಿ ಅಂದೆನಲ್ಲ, ಅದು ಗಂಡಸರಿಂದ ಶುರುವಾದರೆ ಒಳ್ಳೆಯದು. ನಿಯಮ ಬರೆದದ್ದು ಗಂಡಸರ ಮಠಕ್ಕೆ, ಕಾಲು ಒರೆಸಿದ ಬಟ್ಟೆ ಒಗೆದವರೂ ಗಂಡಸರೇ.

ಓದುವ ಕ್ರಮವನ್ನು ಸ್ವಲ್ಪ ಬದಲಿಸಿಕೊಳ್ಳಿ. ನಿಯಮವನ್ನು ದಿನಕ್ಕೊಂದು ಸಣ್ಣ ಭಾಗವಾಗಿ, ವರ್ಷಕ್ಕೆ ಮೂರು ಸಲ ಓದಿ ಮುಗಿಸುವ ಪದ್ಧತಿ ಮಠಗಳಲ್ಲಿದೆ. ಜನವರಿ 1, ಮೇ 2, ಸೆಪ್ಟೆಂಬರ್ 1ಕ್ಕೆ ಹೊಸದಾಗಿ ಶುರು. ಹಾಗೆ ಓದಿದರೆ 7ನೇ ಅಧ್ಯಾಯಕ್ಕೇ ಸುಮಾರು ಎರಡು ವಾರ ಹಿಡಿಯುತ್ತದೆ. ಸದ್ಯಕ್ಕೆ ಅದನ್ನು ಬದಿಗಿಡಿ. 35, 46, 57, 63, 68 ಮೊದಲು ಓದಿ. ಆಮೇಲೆ 72. ಒಬ್ಬರು ಇನ್ನೊಬ್ಬರ ದೇಹದ, ನಡತೆಯ ದೌರ್ಬಲ್ಯಗಳನ್ನು ಅತ್ಯಂತ ತಾಳ್ಮೆಯಿಂದ ಸಹಿಸಬೇಕು ಎಂದು ಹೇಳುವುದು ಅದು. ನಂತರ 7ನೆಯದನ್ನು ಕೊನೆಯ ಪ್ಯಾರಾದಿಂದ ಹಿಂದಕ್ಕೆ ಓದಿ ನೋಡಿ. ಹನ್ನೆರಡೂ ಮೆಟ್ಟಿಲು ಹತ್ತಿದವನು ಮೊದಲು ಹೆದರಿಕೆಯಿಂದ ಮಾಡುತ್ತಿದ್ದುದನ್ನು ಈಗ ಪ್ರೀತಿಯಿಂದ, ರೂಢಿಯಿಂದ, ಕಷ್ಟವೇ ಇಲ್ಲದೆ ಮಾಡುತ್ತಾನೆ ಎಂದು ಅಲ್ಲಿ ಬರೆದಿದೆ. ಏಳನೇ ಮೆಟ್ಟಿಲಿಗೆ ಮತ್ತೆ ಬಂದಾಗಲೂ ಗಾಬರಿಯಾದರೆ ಬರೆಯಿರಿ.